ಆಕ್ಟೋಪಸ್ ಇದ್ದ ಜಾಡಿ

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ಗಾಜಿನ ಜಾಡಿ ಇದೆ. ಮೊಣಕಾಲೆತ್ತರ, ದಪ್ಪ ಗಾಜು, ಉಜ್ಜಿ ಕೂರಿಸಿದ ಗಾಜಿನದೇ ಮುಚ್ಚಳ. ಹೊಸ ಹುಣಸೆಹಣ್ಣು ಬಂದ ದಿನದಿಂದ ನನ್ನ ಹೆಂಡತಿಯ ಕಣ್ಣು ಅದರ ಮೇಲೆ ಬಿದ್ದಿದೆ.

"ಇಷ್ಟು ಒಳ್ಳೆ ಜಾಡಿ ಧೂಳು ತಿಂತಾ ಕೂತಿದೆಯಲ್ರೀ. ವರ್ಷದ ಹುಣಸೆಹಣ್ಣೆಲ್ಲ ಇದೊಂದರಲ್ಲೇ ಹಿಡಿಯುತ್ತೆ."

"ಅದರೊಳಗೆ ಏನಿತ್ತು ಅಂತ ಗೊತ್ತಲ್ಲ?"

"ಇತ್ತು. ಈಗ ಇಲ್ಲವಲ್ಲ. ಸೀಗೆಪುಡಿ ಹಾಕಿ ಉಜ್ಜಿ ಬಿಸಿಲಿಗಿಟ್ಟರೆ ಆಯ್ತು."

ನಾನು ಪೇಪರಿನೊಳಗೆ ತಲೆ ಹುದುಗಿಸುತ್ತೇನೆ. ಕಷ್ಟದ ಪ್ರಶ್ನೆ ಬಂದಾಗ ಪೇಪರು ಓದುವುದು ನನ್ನ ಹಳೆಯ ವಿದ್ಯೆ.

ಆ ಜಾಡಿಯಲ್ಲಿ ಇದ್ದದ್ದು ಒಂದು ಆಕ್ಟೋಪಸ್. ನಾನು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದವನು. ಕಾಲೇಜಿನ ಹೆಸರು ಬೇಡ. ಅದು ಈಗ ಬಾಗಿಲು ಹಾಕಿದೆ, ಹಾಕಿದ ಬಾಗಿಲಿಗೆ ಕಲ್ಲು ಹೊಡೆದು ಏನು ಪ್ರಯೋಜನ? ಕಲ್ಲೇಟು ತಿನ್ನಬೇಕಾದವನು ಹಾಸನದ ಮನೆಯಲ್ಲಿ ಕಾಫಿ ಕುಡಿಯುತ್ತ ಇದನ್ನು ಬರೆಯುತ್ತ ಕೂತಿದ್ದಾನೆ.

ಇಪ್ಪತ್ತೆಂಟು ವರ್ಷದಲ್ಲಿ ನಾನು ಮನಸ್ಸಿಟ್ಟು ಹೇಳಿದ ಪಾಠ ಅಂದರೆ ಆಕ್ಟೋಪಸ್ಸಿನ ಉಸಿರಾಟವೊಂದೇ. ಉಳಿದದ್ದನ್ನೆಲ್ಲ ನೋಟ್ಸು ಓದಿಸಿ ಮುಗಿಸುತ್ತಿದ್ದೆ, ಅದೊಂದಕ್ಕೆ ಮಾತ್ರ ಹಿಂದಿನ ದಿನವೇ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದೆ. ಜಾಡಿಯನ್ನು ಮೇಜಿನ ಮೇಲೆ ಇಡಿಸಿ, ಬೆತ್ತದಿಂದ ತೋರಿಸುತ್ತ ಶುರು ಮಾಡುತ್ತಿದ್ದೆ. ನೋಡಿ, ತಲೆ ಅಂತ ನೀವು ತಿಳಿದಿರುವ ಈ ಚೀಲ ತಲೆಯಲ್ಲ, ಅದರ ಮೈ. ಚೀಲ ಹಿಗ್ಗಿದಾಗ ಪಕ್ಕದ ಸಂದಿಯಿಂದ ಕಡಲ ನೀರು ಒಳಗೆ ಹೋಗುತ್ತದೆ. ಒಳಗಿನ ಎರಡು ಕಿವಿರುಗಳನ್ನು ತೊಯ್ಯಿಸುತ್ತದೆ. ಚೀಲ ಕುಗ್ಗಿದಾಗ ಈ ಕೊಳವೆಯಿಂದ ಹೊರಗೆ ಬರುತ್ತದೆ. ನಮಗೆ ಗಾಳಿ ಹೇಗೋ ಅದಕ್ಕೆ ನೀರು ಹಾಗೆ. ಹೃದಯ ಮೂರು. ಒಂದೊಂದು ಕಿವಿರಿಗೆ ಒಂದೊಂದು, ಮೈಗೆಲ್ಲ ಸೇರಿ ಇನ್ನೊಂದು. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ, ಅದಕ್ಕೇ ಬಣ್ಣ ನೀಲಿ.

ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಆಗ ನಾನು ದನಿ ತಗ್ಗಿಸಿ, ಈಜುವಾಗ ಆ ಮೂರನೆಯ ಹೃದಯ ನಿಂತೇಬಿಡುತ್ತದೆ, ಆದ್ದರಿಂದ ಬೇಗ ದಣಿಯುತ್ತದೆ, ತೀರಾ ಪ್ರಾಣಕ್ಕೆ ಬಂದರೆ ಮಾತ್ರ ಈಜುತ್ತದೆ, ಇಲ್ಲದಿದ್ದರೆ ಕಲ್ಲಿನ ಮೇಲೆ ಮೆಲ್ಲಗೆ ತೆವಳುತ್ತದೆ ಎನ್ನುತ್ತಿದ್ದೆ. ನೀರಿನಿಂದ ಎತ್ತಿದರೋ, ಕಿವಿರಿನ ಎಳೆಗಳು ಒದ್ದೆ ಕೂದಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚರ್ಮದಿಂದ ಒಂದಿಷ್ಟು ಉಸಿರು ಎಳೆದುಕೊಂಡು ಕೆಲವು ನಿಮಿಷ ತಡೆಯುತ್ತದೆ, ಆಮೇಲೆ ಇಲ್ಲ. ಹುಡುಗರು ನನಗೆ ಆಕ್ಟೋಪಸ್ ಮೇಷ್ಟ್ರು ಅಂತ ಹೆಸರಿಟ್ಟಿದ್ದರು. ನನಗದು ಪ್ರಶಸ್ತಿ ಬಂದಷ್ಟು ಹೆಮ್ಮೆಯಾಗಿತ್ತು.

ಜೈನರ ಹುಡುಗ ಪ್ರಾಣಿಶಾಸ್ತ್ರಕ್ಕೆ ಹೇಗೆ ಹೋದ ಅಂತ ನೀವು ಕೇಳಬಹುದು. ನಮ್ಮ ಅಜ್ಜಿಯೂ ಕೇಳಿದ್ದಳು. ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು, ಬೆಳಗೊಳದ ಬೆಟ್ಟ ಜಗಲಿಯಿಂದಲೇ ಕಾಣುವ ಒಂದು ಹಳ್ಳಿ. ಮನೆ ಹಿಂದೆ ಬಾವಿ. ನೀರು ಸೇದಿದ ಮೇಲೆ ಎರಡು ಮಡಿಕೆಯ ಬಟ್ಟೆಯಲ್ಲಿ ಗಾಳಿಸಬೇಕು, ಅಂದರೆ ಸೋಸಬೇಕು. ಸೋಸುವುದನ್ನು ಎಲ್ಲರೂ ಮಾಡುತ್ತಾರೆ, ಅಜ್ಜಿಯ ಕೆಲಸ ಶುರುವಾಗುತ್ತಿದ್ದದ್ದು ಸೋಸಿದ ಮೇಲೆ. ಬಟ್ಟೆಯಲ್ಲಿ ಉಳಿದ, ನಮ್ಮ ಕಣ್ಣಿಗೆ ಕಾಣದ ಜೀವಗಳನ್ನು ಅದೇ ನೀರಿನಿಂದ ಒಂದು ಪುಟ್ಟ ತಂಬಿಗೆಗೆ ತೊಳೆದುಕೊಂಡು ತಿರುಗಿ ಬಾವಿಗೆ ಬಿಡಬೇಕು. ತಂಬಿಗೆಯ ಬುಡದಲ್ಲಿ ಒಂದು ಕೊಕ್ಕೆ ಇತ್ತು. ಕಂಠಕ್ಕೊಂದು, ಕೊಕ್ಕೆಗೊಂದು ಹಗ್ಗ ಕಟ್ಟಿ ನೆಟ್ಟಗೆ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ಕೊಕ್ಕೆಯ ಹಗ್ಗ ಎಳೆದರಷ್ಟೇ ಅದು ಮಗುಚಿಕೊಳ್ಳುತ್ತಿತ್ತು. ನಾನು ಒಂದು ಸಲ ಆಟದ ಅವಸರದಲ್ಲಿ ದಂಡೆಯ ಮೇಲಿಂದಲೇ ಚೆಲ್ಲಿದೆ. ಬೆನ್ನಿಗೆ ಗುದ್ದು ಬಿತ್ತು.

"ಅಷ್ಟೆತ್ತರದಿಂದ ನಿನ್ನ ಎತ್ತಿ ಹಾಕಿದ್ರೆ ಹೆಂಗಿರ್ತದೋ? ಎಲ್ಲಿಂದ ತಂದ್ಯೋ ಅಲ್ಲಿಗೇ ಬಿಡ್ಬೇಕು. ಮೆಲ್ಲಗೆ ಬಿಡ್ಬೇಕು."

ಕೆರೆಯ ನೀರಿನ ಜೀವ ಕೆರೆಗೆ, ಬಾವಿಯದ್ದು ಬಾವಿಗೆ. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಉಸಿರು ಕಟ್ಟಿ ಸಾಯುತ್ತವೆ ಅನ್ನುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಜ್ಜಿಗೆ ಆಕ್ಟೋಪಸ್ಸಿನ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಎಷ್ಟು ಇಂದ್ರಿಯದ್ದಪ್ಪ ಇದು?" ಎಂದಳು. ನಮ್ಮಲ್ಲಿ ಜೀವಗಳನ್ನು ಎಣಿಸುವುದು ಹಾಗೆ. ಗಿಡಕ್ಕೆ ಒಂದು, ಶಂಖ ಎರೆಹುಳುಗಳಿಗೆ ಎರಡು, ಇರುವೆಗೆ ಮೂರು, ನೊಣಕ್ಕೆ ನಾಲ್ಕು, ಕಿವಿ ಇದ್ದವಕ್ಕೆ ಐದು. ನಾನು ಪಂಡಿತನಂತೆ, ಇದು ಶಂಖದ ಹುಳುವಿನ ದಾಯಾದಿ ಎಂದೆ.

"ದಾಯಾದಿ ಇರ್ಬೋದು. ಶಂಖದ ಹುಳ ಹಿಂಗೆ ಮನುಷ್ಯರ ಥರ ನೋಡ್ತದೇನೋ? ಕಣ್ಣು ನೋಡು ಇದರದ್ದು. ಇದನ್ನ ಕೊಲ್ತೀರಾ ನೀವು?"

"ನಾನು ಕೊಲ್ಲಲ್ಲ ಅಜ್ಜಿ. ಅದಕ್ಕೆ ಬೇರೆ ಜನ ಇರ್ತಾರೆ."

ಅಜ್ಜಿ ಚಿತ್ರವನ್ನು ಮಡಚಿ ನನ್ನ ಕೈಗಿಟ್ಟಳು. "ಮಾಡೋದು ಒಂದು, ಮಾಡ್ಸೋದು ಇನ್ನೊಂದು, ಮಾಡೋವಾಗ ನೋಡ್ತಾ ಸುಮ್ನಿರೋದು ಮತ್ತೊಂದು. ಮೂರೂ ಒಂದೇ ಲೆಕ್ಕ ಅಂತ ಬಸದೀಲಿ ಹೇಳ್ತಾರೆ. ನೀನು ಓದ್ದೋನು, ನಿನಗೆ ಬೇರೆ ಹೇಳ್ಕೊಟ್ಟಿದ್ದಾರೇನೋ" ಎಂದಳು. ಅವಳ ವ್ಯಂಗ್ಯ ನನಗೆ ಆಗ ತಟ್ಟಲಿಲ್ಲ. ಬುದ್ಧಿವಂತ ಅಂದುಕೊಂಡವನಿಗೆ ಅಂಥದ್ದು ತಟ್ಟುವುದು ನಿಧಾನ.

ಆ 'ಬೇರೆ ಜನ' ಅಂದರೆ ಬೋರೇಗೌಡ. ನಮ್ಮ ಲ್ಯಾಬಿನ ಅಟೆಂಡರು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವನು. ಮನೆಯಲ್ಲಿ ಹೊಲಗದ್ದೆ ಇತ್ತು, ಅಣ್ಣ ನೋಡಿಕೊಳ್ಳುತ್ತಿದ್ದ. ಇವನು ಮೊದಲ ಬಸ್ಸು ಹಿಡಿದು ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದ. ನನಗಿಂತ ಆರು ತಿಂಗಳು ದೊಡ್ಡವನು. ಆದರೂ ನಾನು ಅವನಿಗೆ 'ಬಾರೋ ಹೋಗೋ' ಅನ್ನುತ್ತಿದ್ದೆ, ಅವನು ನನಗೆ 'ಸಾ' ಅನ್ನುತ್ತಿದ್ದ. ಬೀಡಿ ಇಲ್ಲ, ಸಿಗರೇಟಿಲ್ಲ, ಎಲೆಅಡಿಕೆಯೂ ಇಲ್ಲ.

ಕಪ್ಪೆಯಾಗಲಿ ಜಿರಲೆಯಾಗಲಿ, ಸಾಯಿಸುವ ಹೊತ್ತಿಗೆ ನಾನು "ಬೋರೇಗೌಡ, ನೋಡ್ಕೊ" ಎಂದು ಕಾಫಿಗೆ ಹೋಗುತ್ತಿದ್ದೆ. ಬರುವಷ್ಟರಲ್ಲಿ ಟ್ರೇಯಲ್ಲಿ ಎಲ್ಲ ಸಿದ್ಧವಾಗಿರುತ್ತಿತ್ತು. ಊರಿಗೆ ಹೋದಾಗ ಬಸದಿಯಲ್ಲಿ ಕೈ ಜೋಡಿಸಿ ನಿಂತರೆ ಯಾವ ಅಳುಕೂ ಇಲ್ಲ. ನನ್ನ ಕೈ ಒಂದು ಕಪ್ಪೆಯನ್ನೂ ಕೊಂದದ್ದಲ್ಲ.

ಆಕ್ಟೋಪಸ್ ಸಿಕ್ಕಿದ್ದು ಮಲ್ಪೆ ಕಡೆಗೆ ಹುಡುಗರನ್ನು ಪ್ರವಾಸ ಕರೆದುಕೊಂಡು ಹೋದಾಗ. ಬಸ್ಸಿನಲ್ಲಿ ಪಕ್ಕ ಕೂತ ಬೋರೇಗೌಡನಿಗೆ ಅಜ್ಜಿಯ ಕೊಕ್ಕೆ ತಂಬಿಗೆಯ ಕಥೆ ಹೇಳಿದ್ದೆ. ನಮ್ಮ ಧರ್ಮ ಎಷ್ಟು ಸೂಕ್ಷ್ಮ ನೋಡು ಅಂತ ಬಡಾಯಿ. ಅವನು ಬಾಯಿಬಿಟ್ಟುಕೊಂಡು ಕೇಳಿದ. ಮಾರನೆಯ ಬೆಳಿಗ್ಗೆ ಬಲೆಗೆ ಬಿದ್ದಿದ್ದ ಆಕ್ಟೋಪಸ್ಸನ್ನು ಮೀನುಗಾರನೊಬ್ಬ ನಮ್ಮ ಬಕೆಟ್ಟಿಗೆ ಹಾಕಿಕೊಟ್ಟ. ಜೀವಂತ. ಪುಸ್ತಕದಲ್ಲಿ ಓದಿದ್ದೆಲ್ಲ ಕಣ್ಣೆದುರು. ಮೈಚೀಲ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಕೊಳವೆಯಿಂದ ನೀರಿನ ಸಣ್ಣ ಅಲೆ. ಕಂದು ಇದ್ದದ್ದು ನೋಡನೋಡುತ್ತ ಕೆಂಪಾಯಿತು. ನಾನು ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಶುರು ಮಾಡಿದೆ, ನಿಲ್ಲಿಸುವುದು ಮರೆತೆ. ಬಕೆಟ್ಟಿನ ನೀರು ಹಳತಾಯಿತು. ಉಬ್ಬು ಇಳಿತ ಜೋರಾಯಿತು. ಆಮೇಲೆ ಅದು ಬಿಳುಚಿಕೊಂಡು, ಒಂದು ತೋಳನ್ನು ಬಕೆಟ್ಟಿನ ಅಂಚಿಗೆ ಹಾಕಿ, ಇನ್ನೊಂದನ್ನು ಹಾಕಿ, ಹೊರಗೆ ಇಳಿದು ಸಿಮೆಂಟಿನ ನೆಲದ ಮೇಲೆ ತೆವಳತೊಡಗಿತು. ಕಡಲು ಇದ್ದ ದಿಕ್ಕಿಗೇ.

ಬೋರೇಗೌಡ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡ. ತೋಳುಗಳು ಅವನ ಮಣಿಕಟ್ಟಿಗೆ ಸುತ್ತಿಕೊಂಡವು.

"ಉಸ್ರು ಕಟ್ತಾ ಐತೆ ಸಾ. ಕಡ್ಲಿಗೇ ಬುಟ್ಬುಡಾನಾ? ನಿಮ್ಮಜ್ಜಿ ಏಳ್ತಿದ್ರಂತಲ್ಲ, ಎಲ್ಲಿಂದ ತಂದ್ರೋ ಅಲ್ಲಿಗೇ ಅಂತ."

ಹುಡುಗರು ನನ್ನ ಮುಖ ನೋಡಿದರು. ಇಂಥ ಸ್ಪೆಸಿಮನ್ ಸುತ್ತಮುತ್ತ ಯಾವ ಕಾಲೇಜಿನಲ್ಲೂ ಇರಲಿಲ್ಲ. "ಅದೆಲ್ಲ ಇಲ್ಲಿ ನಡೆಯಲ್ಲ ಕಣೋ. ನೋಡ್ಕೊ" ಎಂದು ನಾನು ಮರಳಿನ ಮೇಲೆ ಅಡ್ಡಾಡಲು ಹೋದೆ. ತಿರುಗಿ ಬಂದಾಗ ಅದು ಫಾರ್ಮಲಿನ್ ತುಂಬಿದ ಜಾಡಿಯಲ್ಲಿತ್ತು. ಅವನ ಮಣಿಕಟ್ಟಿನಲ್ಲಿ ಬಟ್ಟು ಬಟ್ಟಾಗಿ ಕೆಂಪು ಗುರುತುಗಳಿದ್ದವು.

ಫಾರ್ಮಲಿನ್ ಅಂದರೆ ಸತ್ತ ಪ್ರಾಣಿ ಕೊಳೆಯದಂತೆ ಇಡುವ ದ್ರವ. ಅದರ ಹೊಗೆ ಕಣ್ಣು ಮೂಗಿಗೆ ಮೆಣಸಿನಪುಡಿ ಎರಚಿದ ಹಾಗೆ. ವರ್ಷಕ್ಕೆರಡು ಸಲ ನಲವತ್ತು ಜಾಡಿಗಳನ್ನೂ ಬಿಚ್ಚಿ, ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಬೇಕು. ಶಕ್ತಿ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಅವನು ಮೊದಲ ವರ್ಷ ಕೇಳಿದಾಗ, "ಮೂಗಿಗೆ ಹಿಡಿದು ನೋಡು. ಕಣ್ಣಲ್ಲಿ ನೀರು ಬಂದರೆ ಚೆನ್ನಾಗಿದೆ ಅಂತ" ಎಂದೆ. ಅವನು ಇಪ್ಪತ್ತೆಂಟು ವರ್ಷ ಹಾಗೇ ನೋಡಿದ. ಒಂದೊಂದು ಜಾಡಿಯನ್ನೂ.

ಇನ್ನೊಂದು ವಿಷಯ ಇದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನದಿಂದ ಪೆನ್ನು ಮುಚ್ಚಿ ತೆಗೆದು ಮಾಡುತ್ತಿದ್ದೇನೆ. ಜಾಡಿಗಳಿದ್ದ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಸಂಜೆ ದೀಪ ಹಾಕಿ ಜಾಡಿ ತೆರೆದರೆ ಹೊಳೆಯ ಕಡೆಯಿಂದ ದೀಪದ ಹುಳುಗಳು ಬಂದು ಟ್ರೇಗೆ ಬಿದ್ದು ಸಾಯುತ್ತಿದ್ದವು. ನನಗೆ ನೋಡಲಾಗಲಿಲ್ಲ. ಅಜ್ಜಿಯ ಮೊಮ್ಮಗ ನೋಡಿ! "ಪಾಪ, ಸುಮ್ಮನೆ ಜೀವಹತ್ಯೆ. ಕಿಟಕಿ ಹಾಕ್ಕೊಂಡು ಕೆಲಸ ಮಾಡೋ" ಎಂದೆ. ಹಾಕಿಕೊಂಡ. ಆಮೇಲೆ ಮಳೆಗೆ ಮರ ಉಬ್ಬಿ ಕಿಟಕಿ ಕಚ್ಚಿಕೊಂಡಿತು, ಯಾರೂ ತೆರೆಯುವ ಗೋಜಿಗೆ ಹೋಗಲಿಲ್ಲ. ಹುಳುಗಳು ಬದುಕಿದವು.

ಅವನು ಕೆಮ್ಮಲು ಶುರು ಮಾಡಿದ್ದು ಯಾವಾಗ ಅಂತ ನನಗೆ ನೆನಪಿಲ್ಲ. ನೆನಪಿರುವುದು ಒಂದೇ. ಉಸಿರಾಟದ ಪಾಠದ ದಿನ, ಹಿಂದಿನ ಬೆಂಚಿಗೂ ಕಾಣಲೆಂದು ಜಾಡಿಯನ್ನು ಎತ್ತಿ ಹಿಡಿದು ಪಕ್ಕದಲ್ಲಿ ನಿಂತಿದ್ದವನಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಮೂರನೆಯ ಹೃದಯಕ್ಕೆ ಬಂದಿದ್ದೆ, ದನಿ ತಗ್ಗಿಸಿದ್ದೆ. ಹುಡುಗರು ಕಿಸಕ್ಕೆಂದರು. ಸಿಟ್ಟು ನೆತ್ತಿಗೇರಿತು.

"ಹೊರಗೆ ಹೋಗಿ ಕೆಮ್ಮಯ್ಯ, ಇಲ್ಲಿ ಉಸಿರಾಟದ ಪಾಠ ನಡೀತಿದೆ."

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಅವನು ಜಾಡಿಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು ಹೋದ. ಕಾರಿಡಾರಿನಲ್ಲಿ ಬಹಳ ಹೊತ್ತು ಕೇಳುತ್ತಿತ್ತು.

ನಾವಿಬ್ಬರೂ ನಿವೃತ್ತರಾದ ವರ್ಷವೇ ಕಾಲೇಜು ಮುಚ್ಚಿತು. ಲ್ಯಾಬು ಖಾಲಿ ಮಾಡಬೇಕಿತ್ತು. "ಬೋರೇಗೌಡ, ನೋಡ್ಕೊ" ಎಂದು ನಾನು ಹಾಸನಕ್ಕೆ ಬಂದೆ. ಒಂದು ತಿಂಗಳ ಮೇಲೆ ಅವನು ಈ ಜಾಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದ. ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಹತ್ತು ನಿಮಿಷದ ದಾರಿ, ಮೂರು ಕಡೆ ಕೂತು ಬಂದನಂತೆ. ಹೊಳೆಯುವ ಹಾಗೆ ತೊಳೆದಿದ್ದ.

"ನೆಪ್ಪಿಗಿರ್ಲಿ ಅಂತ ತಂದೆ ಸಾ."

"ಒಳಗಿನದ್ದು ಏನು ಮಾಡ್ದೆ?"

ಅವನು ಉಸಿರು ಕೂಡಿಸಿಕೊಂಡು ಹೇಳಿದ. ಎಂಟು ದಿನ ನೀರು ಬದಲಾಯಿಸಿ ಬದಲಾಯಿಸಿ ನೆನೆಸಿಟ್ಟು, ಔಷಧಿ ಎಲ್ಲ ಬಿಡಿಸಿ, ಹೇಮಾವತಿಗೆ ಬಿಟ್ಟೆ ಎಂದ. "ಮ್ಯಾಲಿಂದ ಎಸೀಲಿಲ್ಲ ಸಾ. ಸೊಂಟದ ಮಟ ನೀರಿಗಿಳ್ದು ಮೆಲ್ಲಕೆ ಬುಟ್ಟೆ. ಒಳೆ ಎಂಗಿದ್ರೂ ಕಡ್ಲಿಗೆ ಓಯ್ತದಲ್ಲ."

ಹೇಮಾವತಿ ಕಾವೇರಿ ಸೇರಿ, ಅಣೆಕಟ್ಟು ದಾಟಿ, ಆ ಕಡೆಯ ಕಡಲಿಗೆ ಹೋಗುತ್ತದೆ, ಮಲ್ಪೆಯ ಕಡಲಿಗಲ್ಲ ಎಂದು ತಿದ್ದಲು ಬಾಯಿ ತೆರೆದೆ. ನನ್ನ ಪುಣ್ಯ, ಅವತ್ತಾದರೂ ಮುಚ್ಚಿಕೊಂಡೆ.

ಹೋದ ಮಳೆಗಾಲದಲ್ಲಿ ಅವನು ಮತ್ತೆ ಬಂದ. ಈ ಸಲ ಹೆಂಡತಿ ಸಣ್ಣಮ್ಮ ಜೊತೆಗಿದ್ದಳು. ಅವನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎರಡು ಕೈ ಮೊಣಕಾಲಿಗೆ ಊರಿಕೊಂಡು ಕೂತ. ಮಾತಿಗೊಂದು ಉಸಿರು. ಎದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಎಲ್ಲಿ ನೋಡಿದ್ದೇನೆ ಇದನ್ನು ಎಂದು ಯೋಚಿಸಬೇಕಾಗಿರಲಿಲ್ಲ. ಸಣ್ಣಮ್ಮನೇ ಮಾತಾಡಿದಳು.

"ಡಾಕ್ಟ್ರಮ್ಮ ಬೀಡಿ ಸೇದಿದ್ಕೇ ಇಂಗಾಗೈತೆ ಅಂತಾರೆ ಸಾ. ಇವ್ರು ಒಂದು ದಿನಾನೂ ಮುಟ್ಟಿಲ್ಲ ಅಂದ್ರೂ ನಂಬಾಕಿಲ್ಲ. ಕಾಲೇಜ್ನಲ್ಲಿ ಔಷ್ದಿ ವಾಸ್ನೆ ಕುಡಿತಿದ್ರು ಅಂದೆ. ಅಂಗಾದ್ರೆ ಯಾವ ಔಷ್ದಿ, ಎಷ್ಟು ವರ್ಷ, ಎಂಥ ರೂಮು, ನಿಮ್ ಮೇಷ್ಟ್ರ ಕೈಲಿ ಬರೆಸ್ಕೊಂಡ್ ಬನ್ನಿ, ಅದ್ ಗೊತ್ತಾದ್ರೆ ಬ್ಯಾರೆ ಥರ ನೋಡ್ತೀನಿ ಅಂದವ್ರೆ."

ಕೇಳಿದ್ದು ಇಷ್ಟೇ, ಒಂದು ಕಾಗದ. ನಾನು ಒಳಗೆ ಹೋಗಿ ಬರೆಯಲು ಕೂತೆ. ಫಾರ್ಮಲಿನ್ ಎಂದು ಬರೆದೆ. ಇಪ್ಪತ್ತೆಂಟು ವರ್ಷ ಎಂದು ಬರೆದೆ. ಕಿಟಕಿಯ ಹತ್ತಿರ ಬಂದಾಗ ಪೆನ್ನು ನಿಂತಿತು. ಯಾರು ಮುಚ್ಚಿಸಿದ್ದು, ಮೂಗಿಗೆ ಹಿಡಿಯಲು ಯಾರು ಹೇಳಿದ್ದು ಎಂದು ನಾಳೆ ಯಾರಾದರೂ ಕೇಳಿದರೆ? ಕೇಳುವವರು ಯಾರಿದ್ದರು! ಆದರೂ ಭಯ. ಆ ಹಾಳೆ ಹರಿದು ಇನ್ನೊಂದು ಬರೆದೆ. 'ಅಪರೂಪಕ್ಕೆ, ಅಗತ್ಯ ಸುರಕ್ಷತಾ ಕ್ರಮಗಳೊಂದಿಗೆ, ಗಾಳಿಯಾಡುವ ಕೋಣೆಯಲ್ಲಿ ಕೆಲಸ ನಿರ್ವಹಿಸಿರುತ್ತಾರೆ.' ಕೆಳಗೆ ಸಹಿ, ಹಿಂದಿನ ಹುದ್ದೆ, ಊರು.

ಬೋರೇಗೌಡ ಕಾಗದವನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದ. ಎರಡನೆಯ ಸಾಲಿನಲ್ಲಿ ಅವನ ಕಣ್ಣು ನಿಂತಿತು. ನಾನು ಪೇಪರು ಎತ್ತಿಕೊಂಡೆ.

"ಚೆನ್ನಾಗ್ ಬರ್ದಿದ್ದೀರಿ ಸಾ" ಎಂದ. ಮಡಚಿ ಜೇಬಿನಲ್ಲಿಟ್ಟುಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲೆ ನಾಲ್ಕು ತಿಂಗಳು ನಾನು ಹೇಗಿದ್ದೆ ಅನ್ನುವುದನ್ನು ವಿವರಿಸಿ ನಿಮ್ಮ ಕನಿಕರ ಗಿಟ್ಟಿಸುವುದಿಲ್ಲ. ಚೆನ್ನಾಗಿಯೇ ಇದ್ದೆ. ಉಂಡೆ, ಮಲಗಿದೆ, ಬೆಳಗೊಳಕ್ಕೆ ಹೋಗಿ ಬಂದೆ. ಒಂದು ದಿನ ಹೆಂಡತಿ ನಲ್ಲಿಗೆ ಕಟ್ಟಿದ ಸೋಸುವ ಬಟ್ಟೆಯನ್ನು ಸಿಂಕಿನಲ್ಲಿ ಹಿಂಡುತ್ತಿದ್ದಳು. "ಎಲ್ಲಿಂದ ತಂದೆವೋ ಅಲ್ಲಿಗೇ ಬಿಡಬೇಕು ಕಣೆ" ಎಂದು ಬಾಯಿಗೆ ಬಂತು. "ನಲ್ಲಿ ನೀರನ್ನ ಎಲ್ಲಿಗೆ ಬಿಡಲಿ?" ಎಂದಳು. ಒಳಗೆ ಹೋಗಿ ಹಾಳೆ ತೆಗೆದು ಒಂದೇ ಉಸಿರಿಗೆ ಬರೆದೆ. ನಲವತ್ತು ಜಾಡಿ, ವರ್ಷಕ್ಕೆರಡು ಸಲ. ಮೂಗಿಗೆ ಹಿಡಿದು ನೋಡಲು ಹೇಳಿದವನು ನಾನು. ಕಿಟಕಿ ಮುಚ್ಚಿಸಿದವನು ನಾನು. ಕೆಮ್ಮಿದಾಗ ಹೊರಗೆ ಕಳಿಸಿದವನೂ ನಾನು. ಅವನು ಬೀಡಿ ಸೇದಿದವನಲ್ಲ.

ಮಾರನೆಯ ದಿನ ಅರಕಲಗೂಡಿನ ಬಸ್ಸು ಹತ್ತಿದೆ, ಅಲ್ಲಿಂದ ಮಲ್ಲಿಪಟ್ಟಣಕ್ಕೆ. ಅವನ ಮನೆ ಕೇಳಿಕೊಂಡು ಹೋಗಬೇಕಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿದ್ದರು. ಶಾಮಿಯಾನದ ಗೂಟ ಕಿತ್ತ ಗುಳಿಗಳು ಇನ್ನೂ ಹಸಿಯಾಗಿದ್ದವು. ಸಣ್ಣಮ್ಮ ಬಾಗಿಲಿಗೆ ಬಂದಳು.

"ನಿನ್ನೆ ಅನ್ನೊಂದ್ನೇ ದಿನದ ಕಾರ್ಯ ಆಯ್ತು ಸಾ. ನಿಮ್ಗೆ ಏಳ್ಕಳ್ಸಾಕೆ ಯಾರೂ ಇರ್ನಿಲ್ಲ."

ಪೇರಿಸಿದ ಕುರ್ಚಿಗಳಲ್ಲಿ ಒಂದನ್ನು ಎಳೆದು ಕೂರಲು ಕೊಟ್ಟಳು. ಕಾಗದ ತೆಗೆದು ಅವಳ ಕೈಗಿಟ್ಟೆ. ಅವಳಿಗೆ ಓದು ಬಾರದು, ನಾನೇ ಓದಿ ಹೇಳಬೇಕಾಯಿತು. ಪೂರ್ತಿ ಓದಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಈಗ ಇದ ಯಾವ ಡಾಕ್ಟ್ರಿಗೆ ತೋರ್ಸನ ಸಾ?"

ಕಾಗದವನ್ನು ಮಡಚುತ್ತ ತಾನಾಗಿಯೇ, "ಅವತ್ತಿನ ಕಾಗ್ದ ನೋಡಿ ಡಾಕ್ಟ್ರಮ್ಮ ಬೀಡಿ ಅಂತ್ಲೇ ಬರ್ಕೊಂಡ್ರು. ಮೇಷ್ಟ್ರೇ ಬರ್ದವ್ರೆ, ಸುಳ್ಳೇಳ್ತಾರಾ ಅಂದ್ರು. ಇವ್ರೂ ಊ ಅಂದ್ಬುಟ್ರು" ಎಂದಳು. ಬೈಯಲಿಲ್ಲ. ಕಾಫಿ ಕೊಟ್ಟಳು. ಕುಡಿದೆ.

ನಿನ್ನೆ ಹೆಂಡತಿ ಕೊನೆಗೂ ಜಾಡಿಯನ್ನು ಅಟ್ಟದಿಂದ ಇಳಿಸಿ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಬೀಜ ತೆಗೆದ ಹುಣಸೆಹಣ್ಣಿನ ರಾಶಿ. "ಬೇಡ ಕಣೆ, ಇನ್ನೂ ಫಾರ್ಮಲಿನ್ ವಾಸನೆ ಇರುತ್ತೆ" ಎಂದೆ.

"ನೀವೇ ನೋಡಿ ಹೇಳಿ. ನನಗಂತೂ ಏನೂ ಇಲ್ಲ."

ಮುಚ್ಚಳ ತೆಗೆದೆ. ಎರಡು ಕೈಯಲ್ಲಿ ಎತ್ತಿ ಜಾಡಿಯ ಬಾಯಿಗೆ ಮೂಗಿಟ್ಟೆ. ಇಷ್ಟು ವರ್ಷದಲ್ಲಿ ಇದೇ ಮೊದಲ ಸಲ. ಉದ್ದಕ್ಕೆ ಉಸಿರು ಎಳೆದೆ, ಮತ್ತೆ ಎಳೆದೆ. ಕಣ್ಣಲ್ಲಿ ನೀರು ಬಂತು. ವಾಸನೆ ಇರಲಿಲ್ಲ. ಬೋರೇಗೌಡ ತೊಳೆದದ್ದು, ಅವನು ಯಾವ ಕೆಲಸವನ್ನೂ ಅರೆಬರೆ ಮಾಡಿದವನಲ್ಲ.